ಉಡಿಯಲ್ಲಿ ಅಕ್ಕಿ, ಕೈಯಲ್ಲಿ ಬೇವು

ಮಲೆನಾಡಿನಲ್ಲಿ ಮಾವು ಮಿಡಿಗಟ್ಟುವ ಹೊತ್ತಿಗೆ ಮಾರಿಜಾತ್ರೆಯ ಮಾತು ಶುರುವಾಗುತ್ತದೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಗೆ ಎರಡು ವರ್ಷಕ್ಕೊಮ್ಮೆ ಜಾತ್ರೆ, ಸಾಗರದ ತಾಯಿಗೆ ಮೂರು ವರ್ಷಕ್ಕೊಮ್ಮೆ. ಎರಡೂ ಕಡೆ ಅವಳು ಮೊದಲು ಕೂರುವುದು ತವರುಮನೆಯಲ್ಲಿ. ಶಿವಮೊಗ್ಗದಲ್ಲಾದರೆ ಗಾಂಧಿಬಜಾರು. ಮಂಗಳವಾರ ಬೆಳಕು ಹರಿಯುವ ಮೊದಲೇ ಹೆಂಗಸರ ಸಾಲು ಬೆಳೆದಿರುತ್ತದೆ. ಒಬ್ಬೊಬ್ಬರ ತಟ್ಟೆಯಲ್ಲೂ ರವಿಕೆ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಹಸಿರು ಬಳೆ. ಮನೆಗೆ ಬಂದ ಮಗಳಿಗೆ ಉಡಿ ತುಂಬದೆ ಕಳಿಸುವುದುಂಟಾ? ಮರುದಿನ ಅವಳು ಕೋಟೆಯ ಗದ್ದುಗೆಗೆ ಹೋಗುತ್ತಾಳೆ. ಕೊನೆಗೆ ಕಾಡಿಗೆ.

ಜಾತ್ರೆ ಈ ಕಾಲಕ್ಕೇ ಏಕೆ ಬಂತು? ಚಳಿ ಕಳೆದು ಬಿಸಿಲು ಏರುವ ಈ ತಿಂಗಳುಗಳಲ್ಲೇ ಹಿಂದೆ ಸಿಡುಬು ಜಾಸ್ತಿ. 'ಅಮ್ಮ' ಆದ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ಮಲಗಿದವರ ಪಕ್ಕದಲ್ಲಿ ಬೇವಿನ ಸೊಪ್ಪು ಹಾಸುತ್ತಿದ್ದರು. ಬೇರೆ ದಾರಿ ಕಾಣದ ಊರು ತಾಯಿಯ ಕಾಲು ಹಿಡಿಯುತ್ತಿತ್ತು. ಆ ಭಯದೊಳಗೂ ನಮ್ಮ ಹಿರಿಯರು ಅವಳನ್ನು ಹಗೆಯೆಂದು ಕಾಣಲಿಲ್ಲ. ಮಗಳೆಂದು ಕರೆದು, ಸೀರೆ ಉಡಿಸಿ, ಉಡಿ ತುಂಬಿ ಕಳಿಸಿದರು. ಇದನ್ನು ನೆನೆದಾಗೆಲ್ಲ ನನಗೆ ಕಣ್ಣು ತುಂಬಿ ಬರುತ್ತದೆ.

ಜಾತ್ರೆಯ ಹಿಂದೆಯೇ ಯುಗಾದಿ. ಚೈತ್ರ ಶುದ್ಧ ಪಾಡ್ಯ, ಬ್ರಹ್ಮ ಸೃಷ್ಟಿ ಶುರು ಮಾಡಿದ ದಿನ ಅಂತ ಪುರಾಣ. ಅವತ್ತೂ ಕೈಗೆ ಬರುವುದು ಅದೇ ಬೇವು. ಬೇವು ಬೆಲ್ಲ ಅಂದರೆ ಸುಖ ದುಃಖ ಅಂತ ಎಲ್ಲರೂ ಹೇಳುತ್ತೇವೆ, ಅದು ಸರಿಯೇ. ಆದರೆ ತಿನ್ನುವಾಗ ಹೇಳುವ 'ಶತಾಯುರ್ವಜ್ರದೇಹಾಯ' ಶ್ಲೋಕವನ್ನು ಒಂದು ಸಲ ನಿಧಾನವಾಗಿ ಹೇಳಿ ನೋಡಿ. ನೂರು ವರ್ಷ ಆಯುಸ್ಸು, ವಜ್ರದಂಥ ಮೈ, ಸಂಪತ್ತು, ಎಲ್ಲ ಅರಿಷ್ಟದ ನಾಶ. ಅದು ಮೊದಲು ಕೇಳುವುದೇ ಆರೋಗ್ಯ. ಹೊಸ ಬಟ್ಟೆ, ಹೋಳಿಗೆ ಎಲ್ಲ ಆಮೇಲೆ.

ಘಟ್ಟದ ಮಳೆ ಬೇವಿಗೆ ಒಗ್ಗುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಹಿತ್ತಲಲ್ಲಿ ಬೇವಿನ ಮರ ಕಾಣುವುದೇ ಅಪರೂಪ. ಹಬ್ಬದ ಹಿಂದಿನ ದಿನ ಪೇಟೆಯಿಂದ ಬಂದವರ ಚೀಲದಲ್ಲಿ ಅರ್ಧ ಬಾಡಿದ ಒಂದು ಕಟ್ಟು ಇರುತ್ತದೆ. ಅದರಲ್ಲೇ ಹೂವು ಬಿಡಿಸಿ, ನೀರು ಚಿಮುಕಿಸಿ, ಅಕ್ಕಪಕ್ಕದ ಮನೆಗೂ ನಾಲ್ಕು ಎಸಳು ಕೊಡುತ್ತಾರೆ. ಕಡಿಮೆ ಇದ್ದುದಕ್ಕೇ ಹಂಚುವ ಅಭ್ಯಾಸ ಬಂತೇನೋ.

ಸಿಡುಬು ಜಗತ್ತಿನಿಂದಲೇ ತೊಲಗಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಹಾಗಾದರೆ ಈಗ ತಾಯಿಯ ಮುಂದೆ ಏನು ಬೇಡುವುದು? ಮಲೆನಾಡಿನವರು ಇದನ್ನು ಕೇಳಬೇಕಾಗಿಯೇ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಅವತ್ತು ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ. ಕಾಡಿನ ಉಣುಗು ಕಚ್ಚಿದರೆ ಸಾಕು. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು, ಸೌದೆ ತರಲು, ದನ ಅಟ್ಟಲು ಕಾಡಿಗೆ ಹೋಗಲೇಬೇಕಾದವರಿಗೇ ಅದು ಮೊದಲು ತಗುಲುವುದು. 2019ರ ಆಸುಪಾಸಿನಲ್ಲಿ ಸಾಗರದ ಅರಳಗೋಡು ಕಡೆ ಎಷ್ಟು ಮನೆಗಳು ಕಣ್ಣೀರು ಹಾಕಿದವು, ಜಿಲ್ಲೆಯವರು ಮರೆತಿಲ್ಲ.

ಉಡಿಯ ಸಾಲಿನಲ್ಲಿ ನನ್ನ ಮುಂದೆ ಕಾಡಂಚಿನ ಹಳ್ಳಿಯ ಅಮ್ಮ ಒಬ್ಬರಿದ್ದರು. ಉಣುಗು ಹತ್ತದಂತೆ ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಹಚ್ಚದೆ ಮಗನನ್ನು ಕಾಡಿಗೆ ಬಿಡುವುದಿಲ್ಲ ಅಂದರು. "ಎಣ್ಣೆ ಹಚ್ಚೋದು ನಂದು, ಕಾಯೋದು ಅವಳದ್ದು" ಅಂತ ತಟ್ಟೆಯ ಅಕ್ಕಿಯನ್ನು ಸರಿಮಾಡಿಕೊಂಡರು. ನನ್ನ ಸರದಿ ಬಂದಾಗ ಮನೆಯವರ ಹೆಸರೆಲ್ಲ ಹೇಳಿ, ಆ ಹುಡುಗನನ್ನೂ ಅವನಂತೆ ಕಾಡಿಗೆ ಹೋಗುವವರನ್ನೂ ಸೇರಿಸಿ ಬೇಡಿಕೊಂಡೆ.