ತಂತಿ ತಪ್ಪಾ, ನಾನು ತಪ್ಪಾ?

"ಮೇಡಂ, ತಂತಿ ತಪ್ಪಾ, ನಾನು ತಪ್ಪಾ?"

ಬುಧವಾರ ಲ್ಯಾಬ್‌ನಲ್ಲಿ ಆ ಹುಡುಗಿ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ಸರ್ಲ್ ಉಪಕರಣದಲ್ಲಿ ಉಕ್ಕಿನ ತಂತಿಯ ಯಂಗ್ಸ್ ಮಾಡ್ಯುಲಸ್, ಅಂದರೆ ಎಳೆದರೆ ಹಿಗ್ಗದಂತೆ ಉಕ್ಕು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಕಂಡುಹಿಡಿಯುವ ಪ್ರಯೋಗ. ಪುಸ್ತಕದಲ್ಲಿ 200 ಗಿಗಾಪಾಸ್ಕಲ್ ಅಂತಿದೆ. ಅವಳಿಗೆ ಬಂದಿದ್ದು 180.

ಪಕ್ಕದ ಹುಡುಗ ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದ್ದ. ಉತ್ತರ ಸರಿಯಾಗಿ 200. ತೂಕ ಏರಿಸುವಾಗಿನ ರೀಡಿಂಗ್, ಇಳಿಸುವಾಗಿನ ರೀಡಿಂಗ್ ಎರಡೂ ಅಕ್ಷರಶಃ ಒಂದೇ. ಒಳ್ಳೆಯ ಹುಡುಗನೇ, ಆದರೆ ತಂತಿಯನ್ನು ಅವನು ನೋಡಿಯೇ ಇರಲಿಲ್ಲ.

ಇವಳು ನೋಡಿದ್ದಳು. ಆ ಪ್ರಯೋಗಕ್ಕೆ ತಾಳ್ಮೆ ಬೇಕು. ಎರಡು ಮೀಟರ್ ತಂತಿಗೆ ಅರ್ಧ ಕೆಜಿ ಹಾಕಿದರೆ ಅದು ಹಿಗ್ಗುವುದು ಸುಮಾರು 0.1 ಮಿಲಿಮೀಟರ್, ಒಂದು ಹಾಳೆಯ ದಪ್ಪದಷ್ಟು. ಕಣ್ಣಿಗೆ ಏನೂ ಕಾಣುವುದಿಲ್ಲ. ಮಟ್ಟ ತೋರಿಸುವ ಸ್ಪಿರಿಟ್ ಲೆವೆಲ್‌ನ ಗುಳ್ಳೆ ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಸ್ಕ್ರೂ ತಿರುಗಿಸಿ ಅದನ್ನು ಮತ್ತೆ ನಡುವಿಗೆ ತರಬೇಕು. ಎಷ್ಟು ತಿರುಗಿಸಿದೆವೋ ಅಷ್ಟೇ ಹಿಗ್ಗಿದ್ದು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ತಂತಿ ಸುಮ್ನೆ ತೂಗುತ್ತಿರುತ್ತದೆ. ಸೆಕೆ ಜಾಸ್ತಿಯಾಗಿ ಹಿಗ್ಗಿದರೆ, ಮೇಲಿನ ಆಧಾರ ಬಗ್ಗಿದರೆ, ಅದು ಎರಡಕ್ಕೂ ಒಂದೇ. ಹಾಗಾಗಿ ಲೆಕ್ಕ ಕೆಡುವುದಿಲ್ಲ. ಇದನ್ನು ಯೋಚಿಸಿದವರ ಬಗ್ಗೆ ನನಗೆ ಇವತ್ತಿಗೂ ಗೌರವ.

ಅವಳ ರೀಡಿಂಗ್‌ಗಳಲ್ಲಿ ತಪ್ಪಿರಲಿಲ್ಲ. ಗ್ರಾಫ್ ಗೆರೆ ನೆಟ್ಟಗಿತ್ತು. ತೂಕ ಇಳಿಸಿದಾಗ ತಂತಿ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂದಿತ್ತು.

"ವ್ಯಾಸ ಎಷ್ಟು ಬಂತು?"

"0.84 ಮಿಲಿಮೀಟರ್, ಮೇಡಂ."

ವ್ಯಾಸ ಅಳೆಯುವ ಸ್ಕ್ರೂ ಗೇಜ್ ಈಸಿಕೊಂಡೆ. ನಡುವೆ ಏನೂ ಇಡದೆ ಪೂರ್ತಿ ಮುಚ್ಚಿದೆ. ಸೊನ್ನೆ ತೋರಿಸಬೇಕಿತ್ತು. ನಾಲ್ಕು ಗೆರೆ ಮುಂದಿತ್ತು, ಅಂದರೆ 0.04. ಇದೇ ಝೀರೋ ಎರರ್, ಅಳತೆಯಿಂದ ಕಳೆಯಬೇಕು. ತಂತಿಯ ನಿಜವಾದ ವ್ಯಾಸ 0.80. ಈ ಲೆಕ್ಕದಲ್ಲಿ ವ್ಯಾಸ ವರ್ಗವಾಗಿ ಬರುತ್ತದಲ್ವಾ, ಶೇಕಡಾ 5ರಷ್ಟು ತಪ್ಪಿದರೆ ಉತ್ತರ ಶೇಕಡಾ 10ರಷ್ಟು ಕೆಡುತ್ತದೆ. ಅವಳು ಅಲ್ಲೇ ನಿಂತು ಮತ್ತೆ ಲೆಕ್ಕ ಮಾಡಿದಳು. 198 ಬಂತು. ಅವಳ ಮುಖ ನೋಡಬೇಕಿತ್ತು.

ಗೇಜ್ ಮುಚ್ಚಿ ನೋಡು ಅಂತ ನಾನೇ ಮೊದಲು ಹೇಳಬೇಕಿತ್ತು. ಹೇಳಿರಲಿಲ್ಲ. ಆದರೂ ಅವಳು 180 ಅನ್ನು ಅಳಿಸಿ 200 ಬರೆಯದೆ ನನ್ನ ಹತ್ತಿರ ಬಂದಳಲ್ಲ, ಅದು ನನಗೆ ತುಂಬಾ ದೊಡ್ಡದು. ಮಾರ್ಕ್ಸ್ ಹೋಗುತ್ತದೆ ಅಂತ ಈ ಮಕ್ಕಳಿಗೆ ಎಷ್ಟು ಭಯವಿರುತ್ತದೆ ಅಂತ ನನಗೆ ಗೊತ್ತು. ಆ ಭಯ ಹುಟ್ಟಿಸಿದವರು ನಾವೇ. ಉತ್ತರ ಪುಸ್ತಕದ ಹತ್ತಿರ ಬಂದರೆ ಸಹಿ, ದೂರ ಹೋದರೆ "ಇನ್ನೊಂದ್ಸಲ ಮಾಡು."

ಸಂಜೆ ಎಲ್ಲರೂ ಹೋದ ಮೇಲೆ ಸೋಮವಾರದ ಬ್ಯಾಚ್‌ನ ರೆಕಾರ್ಡ್‌ಗಳನ್ನು ತೆಗೆದೆ. ಅದೇ ಗೇಜ್, ಅದೇ ತಂತಿ. ಹನ್ನೊಂದು ಪುಸ್ತಕ. ಎಲ್ಲದರಲ್ಲೂ "ಝೀರೋ ಎರರ್: ಇಲ್ಲ." ಎಲ್ಲದರಲ್ಲೂ ಉತ್ತರ 200ರ ಆಸುಪಾಸು. ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ನನ್ನ ಸಹಿ.