ಧರೆಯ ಮೇಲೊಂದು ಟ್ಯಾಂಕ್, ಅಂಗಳದಲ್ಲೊಂದು ಡ್ರಮ್: ನನ್ನ ಎಲ್ ಹಿಯೆರೊ ಮಾದರಿ

ಡಿಸೆಂಬರ್ 7

ಮನೆ ಹಿಂದಿನ ಎತ್ತರದ ಧರೆಯ ಮೇಲೆ 1,000 ಲೀಟರಿನ ಟ್ಯಾಂಕ್ ಕೂರಿಸಿಯಾಯಿತು. ಕೆಳಗೆ, ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ, 500 ಲೀಟರಿನ ಡ್ರಮ್. ನಡುವೆ 12 ಮೀಟರ್ ಎತ್ತರ, ಒಂದಿಂಚಿನ ಕಪ್ಪು ಪೈಪ್.

ಎಲ್ ಹಿಯೆರೊ ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲೊಂದು. ಸುಮಾರು 11 ಸಾವಿರ ಜನ. ಹಡಗಿನಲ್ಲಿ ಡೀಸೆಲ್ ಬಂದರೆ ಕರೆಂಟು, ಇಲ್ಲದಿದ್ದರೆ ಕತ್ತಲೆ ಎನ್ನುವ ಸ್ಥಿತಿಯಲ್ಲಿದ್ದ ಊರು. 2014ರಲ್ಲಿ ಅಲ್ಲಿ ಐದು ಗಾಳಿಯಂತ್ರಗಳು ಶುರುವಾದವು, ಒಟ್ಟು 11.5 ಮೆಗಾವ್ಯಾಟ್. ಗಾಳಿ ಜಾಸ್ತಿ ಇದ್ದಾಗ ಪಂಪುಗಳು ನೀರನ್ನು ಹಳೇ ಜ್ವಾಲಾಮುಖಿಯ ಬಾಯಲ್ಲಿ ಕಟ್ಟಿದ ಕೊಳಕ್ಕೆ ಎತ್ತುತ್ತವೆ. ಗಾಳಿ ಬಿದ್ದಾಗ ಅದೇ ನೀರು 655 ಮೀಟರ್ ಇಳಿದು ನಾಲ್ಕು ಪೆಲ್ಟನ್ ಚಕ್ರಗಳನ್ನು (ಸುತ್ತಲೂ ಬಟ್ಟಲುಗಳಿರುವ, ನೀರಿನ ಚಿಮ್ಮು ಬಡಿದು ತಿರುಗುವ ಚಕ್ರಗಳು) ತಿರುಗಿಸುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ: ಆ ದ್ವೀಪದಲ್ಲಿ ನದಿಯೇ ಇಲ್ಲ. ಕೊಳಕ್ಕೆ ತುಂಬಿದ್ದು ಸಮುದ್ರದ ನೀರಿನ ಉಪ್ಪು ತೆಗೆದು. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳದ ನೀರಿಗೆ ಪಿಕೋ ಹೈಡ್ರೋ, ಎಂದರೆ ಮನೆಮಟ್ಟದ ಪುಟ್ಟ ಜಲವಿದ್ಯುತ್ ಯಂತ್ರ, ಕೂರಿಸಿಕೊಂಡ ಮನೆಗಳಿವೆ, ಬೇಸಿಗೆಗೆ ಹಳ್ಳ ಸೊರಗಿ ಯಂತ್ರ ನಿಲ್ಲುತ್ತದೆ. ಇಳಿದ ನೀರನ್ನೇ ಮತ್ತೆ ಮೇಲೆ ಕಳಿಸುವ ಯೋಚನೆ ನಮಗೆ ಬರಲಿಲ್ಲ, ಹಳ್ಳ ಇತ್ತಲ್ಲ.

ಡಿಸೆಂಬರ್ 21

ಚಕ್ರ ಸಿದ್ಧ. ಹದಿನಾರು ಸ್ಟೀಲ್ ಚಮಚಗಳ ಹಿಡಿ ಕತ್ತರಿಸಿ ತಗಡಿನ ಬಿಲ್ಲೆಯ ಸುತ್ತ ಬಿಗಿದಿದ್ದೇನೆ. 6 ಮಿಲಿಮೀಟರ್ ನಾಝಲ್. ಒಂದು ಡಿಸಿ ಮೋಟಾರೇ ಜನರೇಟರ್. ಮೇಲೆತ್ತುವ ಪಂಪಿಗೆ 100 ವ್ಯಾಟಿನ ಸೋಲಾರ್ ಪ್ಯಾನೆಲ್. ಗಾಳಿಯಂತ್ರದ ಪಾತ್ರ ಇಲ್ಲಿ ಬಿಸಿಲಿನದು.

ಮೊದಲ ಸಲ ವಾಲ್ವ್ ಬಿಟ್ಟಾಗ ಬಲ್ಬ್ ಹೊತ್ತಿತು. 500 ಲೀಟರ್ ಖಾಲಿಯಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಮೀಟರ್ ತೋರಿಸಿದ್ದು 5 ವ್ಯಾಟ್-ಅವರ್. ಲೆಕ್ಕದ ಪ್ರಕಾರ ಅಷ್ಟು ನೀರು ಅಷ್ಟು ಎತ್ತರದಲ್ಲಿ ಹಿಡಿದಿಡುವುದೇ 16. ಎಂದರೆ, ಒಂದು ಹನಿ ನಷ್ಟವಾಗದಿದ್ದರೂ ಒಂದು ಮೊಬೈಲ್ ಬ್ಯಾಟರಿಗೆ ಸಮ.

"ಚಿಕ್ಕಪ್ಪಾ, ಇಡೀ ಡ್ರಮ್ ನೀರಿಗೆ ಒಂದೇ ಮೊಬೈಲಾ?" ಅಂದಳು ಅಣ್ಣನ ಮಗಳು.

ಹೌದು. ಅಲ್ಲಿ 655 ಮೀಟರ್ ಎತ್ತರ ಹುಡುಕಿದ್ದು ಯಾಕೆ ಅಂತ ನನಗೆ ಕೈಯಾರೆ ತಿಳಿದದ್ದು ಇವತ್ತು.

ರಾತ್ರಿ ಅವಳನ್ನೂ ಕೂರಿಸಿಕೊಂಡು ಅಲ್ಲಿಯ ಲೆಕ್ಕ ಹಾಕಿದೆ. ಮೇಲಿನ ಕೊಳ 3.8 ಲಕ್ಷ ಘನ ಮೀಟರ್, ಕೆಳಗಿನದು 1.5 ಲಕ್ಷ. ತಿರುಗಾಡುವ ನೀರಿಗೆ ಮಿತಿ ಚಿಕ್ಕ ಕೊಳದ್ದೇ. 15 ಕೋಟಿ ಲೀಟರ್, 655 ಮೀಟರ್: ಹೆಚ್ಚುಕಡಿಮೆ 2.7 ಲಕ್ಷ ಯೂನಿಟ್. ದ್ವೀಪದ ಒಂದು ದಿನದ ಬಳಕೆ ಸುಮಾರು 1.2 ಲಕ್ಷ. ನಷ್ಟ ಕಳೆದರೆ ಪೂರ್ತಿ ಎರಡು ದಿನಕ್ಕೆ ಸಾಲುವುದಿಲ್ಲ. ಗಾಳಿ ಒಂದು ವಾರ ಮಲಗಿದರೆ ಡೀಸೆಲ್ ಯಂತ್ರ ಏಳಲೇಬೇಕು.

ಜನವರಿ 4

ಬೇಸರದ ವಾರ. ಬಲ್ಬನ್ನೂ ಪ್ಯಾನೆಲ್ಲಿಗೇ ಜೋಡಿಸಿ, ಬಿಸಿಲಿದ್ದಾಗ ಪಂಪ್, ಮೋಡ ಬಂದಾಗ ಚಕ್ರ ಎಂದು ಆಡಿಸಿ ನೋಡಿದೆ. ಮೋಡ ಬಂದಾಗ ಪಂಪ್ ನಿಲ್ಲಿಸಿ, ಒಂದು ವಾಲ್ವ್ ಮುಚ್ಚಿ, ಇನ್ನೊಂದು ತೆರೆದು, ಚಕ್ರ ವೇಗ ಹಿಡಿಯುವ ಹೊತ್ತಿಗೆ ಅರ್ಧ ನಿಮಿಷ. ಅಷ್ಟೂ ಹೊತ್ತು ಬಲ್ಬ್ ಕತ್ತಲು. ಒಂದೇ ಪೈಪಿನಲ್ಲಿ ನೀರು ಹತ್ತುವುದೂ ಇಳಿಯುವುದೂ ಒಟ್ಟಿಗೆ ಆಗದು.

ಜನವರಿ 18

ಎರಡನೇ ಪೈಪ್ ಎಳೆದೆ. ಎಲ್ ಹಿಯೆರೊದಲ್ಲೂ ಹತ್ತುವುದಕ್ಕೊಂದು, ಇಳಿಯುವುದಕ್ಕೊಂದು. ಮೊದಲು ಓದಿದಾಗ ದುಂದು ಅನ್ನಿಸಿತ್ತು. ಅಲ್ಲಿ ಪಂಪುಗಳು ನೀರೆತ್ತುತ್ತಿರುವಾಗಲೇ ಪೆಲ್ಟನ್ ಚಕ್ರಗಳೂ ತಿರುಗುತ್ತಿರುತ್ತವೆ. ಕಾರಣ 50 ಹರ್ಟ್ಸ್, ಎಂದರೆ ಗ್ರಿಡ್ಡಿನ ಎಸಿ ಕರೆಂಟು ಸೆಕೆಂಡಿಗೆ 50 ಆವರ್ತದ ಲಯ ತಪ್ಪಬಾರದು. ಗಾಳಿ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಇಷ್ಟು ಸಣ್ಣ ಗ್ರಿಡ್ಡಿನಲ್ಲಿ ಆ ಏರಿಳಿತಕ್ಕೆ ಹೆಗಲು ಕೊಡಲು ಭಾರದ ಚಕ್ರವೊಂದು ಸದಾ ಸುತ್ತುತ್ತಿರಬೇಕು. ಡೀಸೆಲ್ ಇದ್ದಾಗ ಆ ಕೆಲಸ ಅದರದೇ ಆಗಿತ್ತು. ಡೀಸೆಲ್ ಬಿಡುವುದೆಂದರೆ ಯೂನಿಟ್ ಲೆಕ್ಕ ಸರಿದೂಗಿಸಿದರೆ ಆಯಿತು ಎಂದುಕೊಂಡಿದ್ದೆ. ಅದು ಹೊರುತ್ತಿದ್ದ ಈ ಇನ್ನೊಂದು ಹೊರೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನದು ಡಿಸಿ, ಒಂದೇ ದಿಕ್ಕಿನ ಕರೆಂಟು, ಹರ್ಟ್ಸಿನ ತಾಪತ್ರಯ ಇಲ್ಲ. ಆದರೂ ನಾಝಲ್ಲನ್ನು ಎಳೆಯಷ್ಟು ತೆರೆದಿಟ್ಟು, ಚಕ್ರ ನಿಲ್ಲದಂತೆ ನೋಡಿಕೊಂಡು ಪಂಪ್ ಓಡಿಸಿದೆ. ಮೋಡ ಬಂತು. ವಾಲ್ವ್ ಸ್ವಲ್ಪ ತಿರುಗಿಸಿದೆ. ಬಲ್ಬ್ ಒಮ್ಮೆ ಮಂಕಾಗಿ ಮತ್ತೆ ಬೆಳಗಿತು, ಆರಲಿಲ್ಲ. ನೀರು ಹೆಚ್ಚು ಖರ್ಚಾಯಿತು, ಆಗಲಿ.

ಜನವರಿ 26

ಸ್ಪೇನಿನ ಗ್ರಿಡ್ ಸಂಸ್ಥೆ ರೆಡ್ ಎಲೆಕ್ಟ್ರಿಕಾ ಈ ದ್ವೀಪದ ಉತ್ಪಾದನೆಯನ್ನು ದಿನವೂ ಎಲ್ಲರಿಗೂ ಕಾಣುವಂತೆ ಇಡುತ್ತದೆ. ಸಂಜೆ ಅದನ್ನು ನೋಡುವುದು ಈಗ ಅಭ್ಯಾಸವಾಗಿದೆ. 2019ರ ಬೇಸಿಗೆಯಲ್ಲಿ, ವಾಣಿಜ್ಯ ಮಾರುತ ಜೋರಾಗಿದ್ದಾಗ, ಸತತ 24 ದಿನ ಡೀಸೆಲ್ ಇಲ್ಲದೆ ಇಡೀ ದ್ವೀಪ ನಡೆಯಿತು. ಆ ಇಡೀ ವರ್ಷಕ್ಕೆ ಹಿಡಿದರೆ ಗಾಳಿ-ನೀರಿನ ಪಾಲು ಅರ್ಧದ ಸುತ್ತಮುತ್ತ ಇತ್ತು. ಇದನ್ನು ಸೋಲು ಎನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಅರ್ಧ ಡೀಸೆಲ್ ಹಡಗಿನಿಂದ ಇಳಿಯಲೇ ಇಲ್ಲ. ಕಾರು, ಲಾರಿಗಳ ಎಣ್ಣೆ ಮಾತ್ರ ಬೇರೆ ಲೆಕ್ಕ, ಅದು ಇನ್ನೂ ಬರುತ್ತಿದೆ.

ಫೆಬ್ರವರಿಗೆ ಕೆಳಗೆ ಇನ್ನೊಂದು 500 ಲೀಟರಿನ ಡ್ರಮ್ ತರುತ್ತೇನೆ. ನಾಝಲ್ ತಾನೇ ತೆರೆದು ಮುಚ್ಚುವ ಹಾಗೆ ಒಂದು ಸಣ್ಣ ಸರ್ವೋ ಮೋಟಾರ್ ಕೂರಿಸುವುದು ಅಣ್ಣನ ಮಗಳ ಪಾಲಿಗೆ ಬಿದ್ದಿದೆ. ಅವಳಿಗೆ ಪರೀಕ್ಷೆ ಮುಗಿಯಬೇಕು.