ಮೊದಲು ಊಹೆ ಬರೆಸಿ, ಆಮೇಲೆ ಅಯೋಡಿನ್ ಹಾಕಿ

ನಾನು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. ಎಂಟರಿಂದ ಹತ್ತನೇ ತರಗತಿವರೆಗೆ ಜೀವಶಾಸ್ತ್ರದ ಪಾಠ ನನ್ನದು. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ತರಬೇತಿಯಲ್ಲಿ ಸಿಕ್ಕಾಗ ಸಾಮಾನ್ಯವಾಗಿ ಕೇಳುವುದು ಒಂದೇ: "ಮೇಡಂ, ಮಕ್ಕಳಿಗೆ ಇಷ್ಟ ಆಗೋ ಚಟುವಟಿಕೆ ಯಾವುದಾದ್ರೂ ಇದ್ರೆ ಹೇಳಿ."

ಚಟುವಟಿಕೆಗೆ ಬರ ಇಲ್ಲ. ಪಠ್ಯಪುಸ್ತಕದಲ್ಲೇ ಬೇಕಾದಷ್ಟಿವೆ. ನಾನು ಅವರಿಗೆ ಹೇಳುವುದು ಇಷ್ಟು: ಯಾವುದನ್ನು ಮಾಡಿಸಿದರೂ, ಶುರು ಮಾಡುವ ಮುಂಚೆ ಪ್ರತಿ ಮಗುವೂ ಏನಾಗಬಹುದು ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿರಬೇಕು. ಒಂದು ಸಾಲು ಸಾಕು. ಜೊತೆಗೆ "ಯಾಕೆ" ಅಂತ ಇನ್ನೊಂದು ಸಾಲು. ಅದಕ್ಕೆ ಅಂಕ ಇಲ್ಲ, ಕೆಂಪು ಇಂಕಿನ ಗೀಟೂ ಇಲ್ಲ. ಮೊದಲ ತಿಂಗಳು ಮಕ್ಕಳು ಇದನ್ನು ನಂಬುವುದಿಲ್ಲ, ಪಕ್ಕದವರದ್ದು ನೋಡಿ ಬರೆಯುತ್ತಾರೆ. ಊಹೆ ತಪ್ಪಾದರೂ ಮಿಸ್ ಬೈಯಲ್ಲ ಅಂತ ಖಾತ್ರಿಯಾದ ಮೇಲೆ ಅವರವರದ್ದೇ ಬರಲು ಶುರುವಾಗುತ್ತದೆ.

ಇದು ಯಾಕೆ ಬೇಕು ಅಂದರೆ, ಬಣ್ಣ ಬದಲಾದಾಗ ಇಡೀ ತರಗತಿ "ಓ..." ಅನ್ನುತ್ತದೆ, ಮೇಷ್ಟ್ರಿಗೂ ಖುಷಿಯಾಗುತ್ತದೆ. ವಾರ ಬಿಟ್ಟು "ಯಾಕೆ ಬದಲಾಯ್ತು?" ಅಂತ ಕೇಳಿ ನೋಡಿ, ಉತ್ತರ ಇರುವುದಿಲ್ಲ. ಊಹೆ ಬರೆದ ಮಗು ಹಾಗಲ್ಲ. ಈ ಮ್ಯಾಚ್ ಯಾರು ಗೆಲ್ಲುತ್ತಾರೆ ಅಂತ ಗೆಳೆಯರ ಮುಂದೆ ಹೇಳಿಬಿಟ್ಟ ಹುಡುಗ ಕೊನೇ ಓವರ್‌ವರೆಗೂ ಟಿವಿ ಮುಂದಿನಿಂದ ಏಳುತ್ತಾನಾ? ಟೆಸ್ಟ್‌ಟ್ಯೂಬನ್ನೂ ಮಕ್ಕಳು ಹಾಗೇ ನೋಡುತ್ತಾರೆ.

ಹತ್ತನೇ ತರಗತಿಯ ಜೀವಕ್ರಿಯೆಗಳು ಪಾಠದಲ್ಲಿ ಲಾಲಾರಸದ ಪ್ರಯೋಗ ಇದೆ. ನನಗೆ ತುಂಬಾ ಇಷ್ಟವಾದದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿಸಿಯೂಟದ ಅಡುಗೆಯವರಿಗೆ ಮೊದಲೇ ಹೇಳಿಟ್ಟರೆ ಒಂದು ಲೋಟ ಗಂಜಿ ತೆಗೆದಿಡುತ್ತಾರೆ. ಅದಕ್ಕೆ ಉಪ್ಪು ಬೇಡ. ಚೆನ್ನಾಗಿ ಆರಿಸಿ, ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಬೇಕು. ಪಿಷ್ಟ ಇದ್ದರೆ ನೀಲಿಯಾಗಿ ತೋರಿಸುವ ಅಯೋಡಿನ್ ಲ್ಯಾಬಿನಲ್ಲಿ ಮುಗಿದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಗಾಯಕ್ಕೆ ಹಚ್ಚಲು ಸಿಗುವ ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ನೀರು ಹಾಕಿ, ತೆಳು ಟೀ ಬಣ್ಣ ಬರುವಷ್ಟು ಮಾಡಿಕೊಂಡರೆ ನಡೆಯುತ್ತದೆ.

ಎರಡು ಟೆಸ್ಟ್‌ಟ್ಯೂಬ್ ತಗೊಂಡು ಎರಡಕ್ಕೂ ಒಂದೇ ಅಳತೆ ಗಂಜಿ ಹಾಕಬೇಕು. ಒಂದಕ್ಕೆ ಬಾಯಿ ಮುಕ್ಕಳಿಸಿ ಬಂದ ಮಗುವಿನ ಸ್ವಲ್ಪ ಜೊಲ್ಲು, ಇನ್ನೊಂದಕ್ಕೆ ಅಷ್ಟೇ ನೀರು. ಒಬ್ಬರ ಜೊಲ್ಲಿನ ಟ್ಯೂಬನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಮುಗಿದ ಮೇಲೆ ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆಯಬೇಕು. ಇದರಲ್ಲಿ ರಾಜಿ ಬೇಡ. ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಮೈ ಬಿಸಿ ತಾಗುತ್ತದೆ. ಇಪ್ಪತ್ತು ನಿಮಿಷ ಕಾಯಬೇಕು.

ಆ ಇಪ್ಪತ್ತು ನಿಮಿಷದಲ್ಲೇ ಊಹೆ ಓದಿಸುವುದು. "ಎರಡೂ ನೀಲಿ ಆಗ್ತವೆ", "ಜೊಲ್ಲು ಹಾಕಿದ್ದು ಇನ್ನೂ ಜಾಸ್ತಿ ನೀಲಿ ಆಗ್ತದೆ", "ಗಂಜಿ ನೀರಾಗಿಬಿಡ್ತದೆ". ನಾನು ಯಾವುದಕ್ಕೂ ಸರಿ, ತಪ್ಪು ಅನ್ನುವುದಿಲ್ಲ, ಬೋರ್ಡ್ ಮೇಲೆ ಎಲ್ಲವನ್ನೂ ಬರೆದು ಎಷ್ಟೆಷ್ಟು ಕೈ ಅಂತ ಎಣಿಸುತ್ತೇನೆ. ಆಮೇಲೆ ಒಂದೊಂದು ತೊಟ್ಟು ಅಯೋಡಿನ್. ನೀರು ಹಾಕಿದ್ದು ಕಡುನೀಲಿ, ಜೊಲ್ಲು ಹಾಕಿದ್ದು ಟೀ ಬಣ್ಣದಲ್ಲೇ ನಿಲ್ಲುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿದೆ, ಅಯೋಡಿನ್‌ಗೆ ಹಿಡಿಯಲು ಪಿಷ್ಟ ಉಳಿದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಪುಸ್ತಕದ ಪ್ರಯೋಗ ಮುಗಿಯಿತು. ನಾನು ಮಾರನೇ ದಿನದ ಪೀರಿಯಡ್ಡನ್ನೂ ಇದಕ್ಕೇ ಕೊಡುತ್ತೇನೆ. "ಜೊಲ್ಲಿನ ಕೆಲಸ ತಡೀಬೇಕು, ಏನ್ ಮಾಡ್ತೀರಿ?" ಅಂತ ಕೇಳಿದರೆ ಸಲಹೆಗಳು ಸುರಿಯುತ್ತವೆ. ಕುದಿಸಿದ ಜೊಲ್ಲು, ಐಸ್ ನೀರು, ಉಪ್ಪು, ನಿಂಬೆಹಣ್ಣು. ಕುದಿಸುವ ಉಪಾಯ ಸರಿಯಾಗಿ ಕೆಲಸ ಮಾಡುತ್ತದೆ, ಕಿಣ್ವ ಕೆಟ್ಟು ಹೋಗಿ ಗಂಜಿ ನೀಲಿಯಾಗುತ್ತದೆ. ಪಾಠದ ಜೀವ ಇರುವುದು ನಿಂಬೆಹಣ್ಣಿನಲ್ಲಿ. ಹುಳಿಯಲ್ಲಿ ಅಮೈಲೇಸ್ ಕೆಲಸ ಮಾಡಲ್ಲ, ಹಾಗಾಗಿ ಪಿಷ್ಟ ಹಾಗೇ ಉಳಿದು ನೀಲಿ ಬರಬೇಕು ಅಂತ ಜಾಣ ಮಕ್ಕಳು ಬರೆದಿರುತ್ತಾರೆ. ಅಯೋಡಿನ್ ಹಾಕಿದರೆ ಇದ್ದ ಬಣ್ಣವೂ ಮಾಯ!

ಆಗ ನಾನು ಉತ್ತರ ಹೇಳದೆ ಒಂದೇ ಪ್ರಶ್ನೆ ಕೇಳುತ್ತೇನೆ: "ಇದನ್ನ ನಂಬೋದಕ್ಕೆ ಇನ್ನೂ ಯಾವ ಟ್ಯೂಬ್ ಬೇಕು?" ಯೋಚನೆ ಮಾಡಲು ಬಿಟ್ಟರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಜೊಲ್ಲು ಹಾಕದ ಬರೀ ಗಂಜಿಗೆ ನಿಂಬೆರಸ ಹಾಕಿ ನೋಡೋಣ ಅಂತ. ಅದರಲ್ಲೂ ಬಣ್ಣ ಹೋಗುತ್ತದೆ. ಅಂದಮೇಲೆ ಜೊಲ್ಲಿನದ್ದೇನೂ ಇಲ್ಲ, ನಿಂಬೆಯಲ್ಲಿರುವ ಸಿ ವಿಟಮಿನ್ನೇ ಅಯೋಡಿನ್ ಬಣ್ಣ ತೆಗೆಯುತ್ತಿದೆ. ಅಯೋಡಿನ್ ತೊಟ್ಟು ತೊಟ್ಟಾಗಿ ಹಾಕುತ್ತಾ ಹೋದರೆ ಕೊನೆಗೆ ನೀಲಿ ಬಂದೇ ಬರುತ್ತದೆ. ನಿಂಬೆ ಬದಲು ವಿನೆಗರ್ ಹಾಕಿದರೆ ಈ ತೊಡಕಿಲ್ಲ. ಆದರೂ ನಾನು ನಿಂಬೆಯನ್ನು ಬಿಡುವುದಿಲ್ಲ. ಹೋಲಿಸಿ ನೋಡಲು ಇನ್ನೊಂದು ಟ್ಯೂಬ್ ಯಾಕೆ ಬೇಕು ಅನ್ನುವುದನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಬಹಳ ಕಷ್ಟ.

ಈ ಪಾಠದಲ್ಲೇ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮಿಸ್, ನಾವು ಮುದ್ದೆನ ಅಗಿಯೋದೇ ಇಲ್ವಲ್ಲ, ನುಂಗ್ಬಿಡ್ತೀವಿ. ಆಗ ಜೊಲ್ಲು ಏನ್ ಮಾಡ್ತದೆ?" ಮುದ್ದೆ ತಿನ್ನುವ ಊರಿನ ಮಗು ಮಾತ್ರ ಕೇಳಬಲ್ಲ ಪ್ರಶ್ನೆ ಇದು. ಬಾಯಲ್ಲಿ ಮುದ್ದೆ ನಿಲ್ಲುವುದೇ ಒಂದು ಕ್ಷಣ. ಹೊಟ್ಟೆಯ ಆಮ್ಲದಲ್ಲಿ ಜೊಲ್ಲಿನ ಅಮೈಲೇಸ್ ಕೆಲಸ ನಿಲ್ಲಿಸುತ್ತದೆ. ಹಾಗಾದರೆ ಮುದ್ದೆ ತಿಂದು ಗದ್ದೆಯಲ್ಲಿ ದುಡಿಯುವ ಶಕ್ತಿ ಎಲ್ಲಿಂದ ಬರುತ್ತದೆ? ಇದನ್ನೂ ಊಹೆಗೆ ಬಿಟ್ಟೆ. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಬರುವ ರಸದಲ್ಲೂ ಅಮೈಲೇಸ್ ಇದೆ, ಪಿಷ್ಟದ ಬಹುಪಾಲು ಜೀರ್ಣ ಆಗುವುದು ಅಲ್ಲೇ ಅನ್ನುವುದನ್ನು ಮಕ್ಕಳು ಪುಸ್ತಕ ತೆಗೆದು ತಾವೇ ಹುಡುಕಿದರು. ಈಗ ಪ್ರತಿ ವರ್ಷ ಆ ಪ್ರಶ್ನೆಯನ್ನು ನಾನೇ ಕೇಳುತ್ತೇನೆ.

ಎಲೆಯಲ್ಲಿ ಪಿಷ್ಟ ನೋಡುವ ಪ್ರಯೋಗದ ಬಗ್ಗೆ ಒಂದೇ ಎಚ್ಚರಿಕೆ. ಎಲೆಯ ಹಸಿರು ತೆಗೆಯಲು ಬಳಸುವ ಸ್ಪಿರಿಟ್ಟನ್ನು ಬೆಂಕಿಯ ಹತ್ತಿರ ತರಲೇಬೇಡಿ. ಆಲ್ಕೊಹಾಲ್ ಕುದಿಯುವುದು 78 ಡಿಗ್ರಿಗೆ, ಆದ್ದರಿಂದ ಅಡುಗೆಮನೆಯಿಂದ ತಂದ ಕುದಿನೀರಿನ ಪಾತ್ರೆಯಲ್ಲಿ ಟ್ಯೂಬ್ ಇಳಿಸಿದರೆ ಸಾಕು, ಒಲೆಯೇ ಬೇಡ. ಹಸಿರು ಬಿಳಿ ಬೆರೆತ ಕ್ರೋಟನ್ ಎಲೆ ತಂದು, ಹಸಿರು ಎಲ್ಲೆಲ್ಲಿದೆ ಅಂತ ಮೊದಲೇ ಚಿತ್ರ ಬರೆಸಿಡಿ. ಬಣ್ಣ ಹೋದ ಮೇಲೆ ಹೋಲಿಸಲು ಆ ಚಿತ್ರ ಬೇಕಾಗುತ್ತದೆ.

ನಮ್ಮ ಕಡೆ ಸಿಗುವ ಇನ್ನೊಂದು ಒಳ್ಳೆ ವಸ್ತು ಅಪ್ಸೆಣಬು. ಭತ್ತದ ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಬೆಳೆಸಿ ಗದ್ದೆಗೆ ತುಳಿಯುತ್ತಾರಲ್ಲ, ಅದು. ಹೂ ಬಿಡುವ ಹೊತ್ತಿಗೆ ನಾಲ್ಕು ಗಿಡ ಬುಡದ ಮಣ್ಣಿನ ಸಮೇತ ಅಗೆದು ತರಲು ಹೇಳಿ, ಎಳೆದು ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಬೇರಿನ ಗಂಟು ನೋಡಿದ ತಕ್ಷಣ ಟೊಮ್ಯಾಟೊ ಬೆಳೆಯುವ ಮನೆಯ ಮಕ್ಕಳು "ಇದು ರೋಗ" ಅಂತ ಬರೆಯುತ್ತಾರೆ. ಆ ಊಹೆಗೆ ಆಧಾರ ಇದೆ. ಟೊಮ್ಯಾಟೊ ಬೇರಲ್ಲಿ ಜಂತುಹುಳದಿಂದ ಗಂಟು ಬರುವುದು ಅವರು ಕಣ್ಣಾರೆ ಕಂಡದ್ದು. ವ್ಯತ್ಯಾಸವನ್ನು ಬೆರಳಲ್ಲೇ ತೋರಿಸಬಹುದು. ಸೆಣಬಿನ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಕಳಚಿ ಬರುತ್ತದೆ. ಜಂತುಹುಳದ ಗಂಟು ಅಂದರೆ ಬೇರೇ ಊದಿಕೊಂಡಿರುವುದು, ಬಿಡಿಸಲು ಬರುವುದಿಲ್ಲ. ಆಮೇಲೆ ಸೆಣಬಿನ ಗಂಟನ್ನು ಬ್ಲೇಡಿನಲ್ಲಿ ಸೀಳಿ. ಒಳಗೆ ನಸುಗೆಂಪು! ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಜಾತಿಗೇ ಸೇರಿದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣ ಅದು. ಗಂಟು ಕೆಂಪಗಿದ್ದರೆ ಒಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಕೆಲಸದಲ್ಲಿದೆ ಅಂತ ಅರ್ಥ. ಅಪ್ಪ ಯೂರಿಯಾ ಚೀಲಕ್ಕೆ ಸೊಸೈಟಿ ಮುಂದೆ ನಿಲ್ಲುವುದನ್ನು ಕಂಡ ಮಕ್ಕಳಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ರೇಷ್ಮೆ ಹುಳು ಸಾಕುವ ಮನೆಯ ಮಗು ತರಗತಿಯಲ್ಲಿದ್ದರೆ ಬಿಡಬೇಡಿ. ಮೂರನೇ ಜ್ವರ, ಅಂದರೆ ಮೂರನೇ ಸಲ ಚರ್ಮ ಕಳಚುವ ಹಂತ, ಮುಗಿದ ಹುಳು ಒಂದಿಪ್ಪತ್ತು ಕೊಟ್ಟರೆ ರಟ್ಟಿನ ಡಬ್ಬದಲ್ಲಿ ತರಗತಿಯಲ್ಲೇ ಸಾಕಬಹುದು. ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ಮಾತ್ರ ಹಾಕಬೇಕು, ಕೈ ತೊಳೆದು ಮುಟ್ಟಬೇಕು. ಮಕ್ಕಳನ್ನು ಸುಮ್ನೆ ಗುಂಪಾಗಿ ಸಾಕಣೆ ಮನೆಗೆ ನುಗ್ಗಿಸಬೇಡಿ, ಸೋಂಕು ತಗುಲಿದರೆ ಆ ಕುಟುಂಬದ ಇಡೀ ಬೆಳೆ ಹೋಗುತ್ತದೆ. ನಾಲ್ಕನೇ ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಸತ್ತಿದೆ, ಕಾಯಿಲೆ ಬಿದ್ದಿದೆ, ನಿದ್ದೆ ಮಾಡ್ತಿದೆ ಅಂತ ಊಹೆಗಳು. ಹಳೇ ಚರ್ಮ ಕಳಚುವುದನ್ನು ನೋಡಿದ ಮೇಲೆ ಗೊತ್ತಾಗುತ್ತದೆ. ದಿನಾ ಹಾಕುವ ಸೊಪ್ಪು ಮತ್ತು ಉಳಿದ ಸೊಪ್ಪು ಎರಡನ್ನೂ ತೂಕ ಮಾಡಿ ಬರೆಸಿ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕೂ ಜಾಸ್ತಿ ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಖಾಲಿಯಾಗುತ್ತದೆ. ಇಲ್ಲಿ ಸಾಕಣೆ ಮನೆಯ ಮಗುವೇ ಮೇಷ್ಟ್ರು. ಪರೀಕ್ಷೆಯಲ್ಲಿ ಹಿಂದೆ ಉಳಿದ ಹುಡುಗಿಯೊಬ್ಬಳು ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಬೆಳಕಿಗೆ ಹಿಡಿದು, ಮೈ ಹೇಗೆ ಕನ್ನಡಿಯಂತಾಗುತ್ತದೆ, ಯಾವಾಗ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು ಅಂತ ಇಡೀ ತರಗತಿಗೆ ಹೇಳಿಕೊಟ್ಟಳು. ಆ ವಾರದಿಂದ ಅವಳು ಮುಂದಿನ ಬೆಂಚಿಗೆ ಬಂದಳು.

ಅನುವಂಶೀಯತೆಗೆ ನಾನು ನಾಣ್ಯ ಬಳಸುತ್ತೇನೆ. ಕಿವಿಹಾಲೆ, ನಾಲಿಗೆ ಸುರುಳಿ ಮಾಡುವುದನ್ನು ಅಪ್ಪ ಅಮ್ಮನ ಜೊತೆ ಹೋಲಿಸಿ ಬನ್ನಿ ಅನ್ನುವ ಚಟುವಟಿಕೆ ನನಗೆ ಒಪ್ಪಿಗೆಯಿಲ್ಲ. ಅವು ಒಂದೇ ಜೀನಿನಿಂದ ಬರುವ ಲಕ್ಷಣಗಳಲ್ಲ, ಮೇಲಾಗಿ ಮನೆಯಲ್ಲಿ ಇಲ್ಲದ ಅನುಮಾನ ಹುಟ್ಟಿಸಬಹುದು. ಎರಡು ನಾಣ್ಯ ಚಿಮ್ಮಿ, ಒಂದರಲ್ಲಾದರೂ ತಲೆ ಬಿದ್ದರೆ ಎತ್ತರ, ಎರಡರಲ್ಲೂ ಬಾಲ ಬಿದ್ದರೆ ಗಿಡ್ಡ ಅಂತ ಎಣಿಸುವುದು ವಾಸಿ. ಪ್ರತಿ ಗುಂಪಿಗೂ ಬೇರೆ ಬೇರೆ ಲೆಕ್ಕ ಬರುತ್ತದೆ, ಎಲ್ಲರದ್ದನ್ನೂ ಕೂಡಿದಾಗ ಮೂರು ಎತ್ತರಕ್ಕೆ ಒಂದು ಗಿಡ್ಡದ ಹತ್ತಿರ ಬರುತ್ತದೆ. ಆಗ ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಮೆಂಡೆಲ್‌ನ ಲೆಕ್ಕ ಬೋರ್ಡಿಗೆ ಬರೆಯಿರಿ: 787 ಎತ್ತರದ ಗಿಡ, 277 ಗಿಡ್ಡ. ಅಷ್ಟೊಂದು ಗಿಡ ಯಾಕೆ ಎಣಿಸಿದ ಅಂತ ಯಾರೂ ಕೇಳುವುದಿಲ್ಲ, ಅವರಿಗೇ ಗೊತ್ತಾಗಿರುತ್ತದೆ.

ಅದೇ ನಾಣ್ಯದಲ್ಲಿ ಮಗುವಿನ ಲಿಂಗ ನಿರ್ಧರಿಸುವ ಎಕ್ಸ್, ವೈ ವರ್ಣತಂತುಗಳ ಆಟವನ್ನೂ ಆಡಿಸುತ್ತೇನೆ. ಇದನ್ನು ಮಂಡ್ಯದ ಶಿಕ್ಷಕರು ಬಿಡಲೇಬಾರದು. 2023ರಲ್ಲಿ ಇಲ್ಲಿಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಮಕ್ಕಳೂ ಓದಿದ್ದಾರೆ. ತಾಯಿಯ ನಾಣ್ಯದ ಎರಡೂ ಮುಖದಲ್ಲಿ ಎಕ್ಸ್, ತಂದೆಯದ್ದರಲ್ಲಿ ಒಂದು ಕಡೆ ಎಕ್ಸ್, ಇನ್ನೊಂದು ಕಡೆ ವೈ. ಮಗು ಹೆಣ್ಣೋ ಗಂಡೋ ಅನ್ನುವುದು ಯಾರ ನಾಣ್ಯದಲ್ಲಿದೆ ಅಂತ ಮಕ್ಕಳೇ ಕಂಡುಕೊಳ್ಳಲಿ. ಹೆಣ್ಣು ಹೆತ್ತಳು ಅಂತ ಸೊಸೆಯನ್ನು ದೂರುವ ಮಾತು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಗಂಡುಮಕ್ಕಳೂ ಇದನ್ನು ಈ ವಯಸ್ಸಿನಲ್ಲೇ ತಿಳಿದುಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೆ ಪೋರ್ಷನ್ ಮುಗಿಯಲ್ಲ ಅನ್ನುತ್ತಾರೆ. ಎಲ್ಲ ಚಟುವಟಿಕೆ ಮಾಡಲು ಹೋದರೆ ಮುಗಿಯುವುದಿಲ್ಲ, ನಿಜ. ಪಾಠಕ್ಕೊಂದು ಆರಿಸಿಕೊಂಡು ಅದನ್ನು ಪೂರ್ತಿ ಮಾಡಿ. ಉಳಿದವನ್ನು ಪಠ್ಯಪುಸ್ತಕದ ಕ್ಯೂಆರ್ ಕೋಡಿನಲ್ಲಿ ಸಿಗುವ ದೀಕ್ಷಾ ವಿಡಿಯೊದಲ್ಲಿ ತೋರಿಸಿದರೂ ಆಯಿತು. ಈರುಳ್ಳಿ ಸಿಪ್ಪೆಯ ಸ್ಲೈಡಿಗೆ ಶಾಲೆಗೊಂದೇ ಸೂಕ್ಷ್ಮದರ್ಶಕ ಇದ್ದರೆ, ಕಣ್ಣಿಡುವ ಮಸೂರದ ಮೇಲೆ ಮೊಬೈಲ್ ಕ್ಯಾಮೆರಾ ಇಟ್ಟು ಟಿವಿಗೆ ಜೋಡಿಸಿ. ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಸೂಕ್ಷ್ಮದರ್ಶಕವೂ ಚೆನ್ನಾಗಿದೆ, ಮಕ್ಕಳು ಜೇಬಿನಲ್ಲಿಟ್ಟುಕೊಂಡು ನಾಲೆಯ ನೀರು ನೋಡಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಪತ್ರಿಕೆಯನ್ನು ಶಾಲೆಗೆ ತರಿಸಿ. ಶಾಲೆಯ ಹೊಂಗೆ, ಬೇವಿನ ಮರವನ್ನು ವಾರಕ್ಕೊಮ್ಮೆ ಗಮನಿಸಿ ಚಿಗುರು, ಹೂ, ಕಾಯಿ ದಾಖಲಿಸಲು ಸೀಸನ್‌ವಾಚ್ ಯೋಜನೆ ಇದೆ.

ಪ್ರವಾಸ ಅಂದರೆ ಬಸ್ಸಲ್ಲಿ ಹಾಡು, ವಾಪಸ್ ಬರುವಾಗ ನಿದ್ದೆ ಅಂತಾಗಬಾರದು. ಮೈಸೂರಿನ ಕಾರಂಜಿ ಕೆರೆ ಪಕ್ಕದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತು ಸಂಗ್ರಹಾಲಯ 1995ರಿಂದ ಇದೆ, ಮೃಗಾಲಯಕ್ಕೆ ಹೋದವರು ಅದನ್ನೂ ನೋಡಿ. ನನ್ನ ಮೊದಲ ಆಯ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹೊರಡುವ ಮುಂಚೆ ಒಂದು ಪ್ರಶ್ನೆ ಕೊಡಿ: ಮೀನು ತಿನ್ನುವ ಹಕ್ಕಿ ಕೆರೆ ಬಿಟ್ಟು ಜನರ ಮನೆ ಹಿತ್ತಲಲ್ಲಿ ಯಾಕೆ ಗೂಡು ಕಟ್ಟುತ್ತದೆ? ಊಹೆ ಬರೆದುಕೊಂಡು ಹೋಗಿ ಊರಿನ ಹಿರಿಯರನ್ನೇ ಕೇಳಲಿ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುವ ಕಥೆಯನ್ನೂ ಅವರೇ ಹೇಳುತ್ತಾರೆ. ಗೂಡು ಕಟ್ಟುವ ಕಾಲ ಚಳಿಗಾಲದಿಂದ ಬೇಸಿಗೆವರೆಗೆ, ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಹೋಗುವುದು ಅನುಕೂಲ. ರಂಗನತಿಟ್ಟಿಗೆ ಹೋಗುವುದಾದರೆ ಮಳೆಗಾಲದಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ, ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ಅಲ್ಲಿ ದೋಣಿ ನಿಲ್ಲಿಸುತ್ತಾರೆ.